ನಮ್ಮೂರ ಬ್ಯಾಂಕಿನ ಪತ್ತು

ಧಾರವಾಡದ ನಿವೃತ್ತ ಶಾಲಾ ಮಾಸ್ತರರೊಬ್ಬರು ನಮಗೆ ಒಂದು ಪತ್ರವನ್ನು ಬರೆದಿದ್ದಾರೆ. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಇಡುಗಂಟನ್ನು ಅವರು ತಮ್ಮ ಪೇಟೆಯ ಸಹಕಾರೀ ಬ್ಯಾಂಕೊಂದರಲ್ಲಿ ಮುದ್ದತಿ ಠೇವಾಗಿ ಇಟ್ಟಿರುವರು. ಬ್ಯಾಂಕಿನ ಚೇರಮನ್ನರು ಒಂದು ಕಾಲಕ್ಕೆ ಅವರ ಶಿಷ್ಯರು. ಸಂಚಾಲಕರಲ್ಲಿ ಇಬ್ಬರು ಅವರ ಓಣಿಯವರೇ. ಆದರೂ ಕಾರವಾರದ ಸುದ್ದಿಯನ್ನು ಓದಿದಂದಿನಿಂದ ಅವರಿಗೆ ನಿದ್ದೆ ಇಲ್ಲದಾಗಿದೆ. ಹೋಗಿ ಕೇಳೋಣವೆಂದರೆ ಶಿಷ್ಯನನ್ನು ಸಂಶಯಿಸಿದಂತಾಗುವದೆಂಬ ಸಂಕೋಚ. ಕೇಳದೆ ಇರೋಣವೆಂದರೆ ಮುಪ್ಪಿನ ಆಧಾರವೆಲ್ಲ ಅಲ್ಲಿಯೇ ಇದೆ. 'ನಮ್ಮ ಬ್ಯಾಂಕು ಗಟ್ಟಿಯಿದೆಯೋ ಇಲ್ಲವೋ, ಸಂಪಾದಕರು ಎರಡು ಮಾತು ತಿಳಿಸಬೇಕು' ಎಂದು ಅವರು ಕೇಳಿಕೊಂಡಿದ್ದಾರೆ.

ಈ ಪ್ರಶ್ನೆಗೆ ಹೌದು ಅಲ್ಲ ಎಂಬ ಉತ್ತರವನ್ನು ಕೊಡಲು ನಾವು ಸಿದ್ಧರಿಲ್ಲ. ಬ್ಯಾಂಕು ಅಶಕ್ತವೆಂದು ನಾವು ಇಂದು ಅಚ್ಚು ಹಾಕಿದರೆ ನಾಳೆ ಬೆಳಿಗ್ಗೆ ಅದರ ಬಾಗಿಲಲ್ಲಿ ಸಾಲು ನಿಲ್ಲುವದು. ಎಲ್ಲ ಠೇವುದಾರರೂ ಒಂದೇ ದಿನ ಕೈಯೊಡ್ಡಿದರೆ ನೆಟ್ಟಗಿದ್ದ ಬ್ಯಾಂಕು ಸಹ ನಿಲ್ಲಲಾರದು. ಗಟ್ಟಿಯಿದೆ ಎಂದು ಬರೆದರೆ, ಪರರ ಲೆಕ್ಕಕ್ಕೆ ಅಧಿಕಾರವಿಲ್ಲದೆ ಜಾಮೀನು ನಿಂತಂತಾಗುವದು. ಮೇಲಾಗಿ ನಾವೂ ಈ ವ್ಯವಹಾರದಲ್ಲಿ ಪೂರ್ಣ ನಿರ್ಲಿಪ್ತರಲ್ಲ. ಠೇವುಗಳನ್ನು ಆಹ್ವಾನಿಸುವ ಜಾಹೀರಾತುಗಳು ನಮ್ಮ ಪತ್ರಿಕೆಯಲ್ಲಿಯೂ ಬರುತ್ತವೆ. ಅವುಗಳಿಂದ ನಮಗೆ ಹಣವೂ ಬರುತ್ತದೆ. ಇದನ್ನು ಮುಚ್ಚಿಟ್ಟು ಉಪದೇಶ ಮಾಡುವದು ನ್ಯಾಯವಲ್ಲ. ಆದುದರಿಂದ ಯಾವ ಬ್ಯಾಂಕು ಒಳ್ಳೆಯದೆಂದು ಹೇಳುವದನ್ನು ಬಿಟ್ಟು, ಯಾವ ಬ್ಯಾಂಕನ್ನೇ ಆಗಲಿ ವಾಚಕನು ತಾನೇ ಹೇಗೆ ಒರೆಗೆ ಹಚ್ಚಿ ನೋಡಬೇಕೆಂಬುದನ್ನು ಇಲ್ಲಿ ವಿಚಾರಿಸುವೆವು.

ಮೊದಲು ಕಾರವಾರದ ಸಂಗತಿ. 2025ರ ಜುಲೈ ತಿಂಗಳಲ್ಲಿ ರಿಜರ್ವ್ ಬ್ಯಾಂಕು ಕಾರವಾರ ಅರ್ಬನ್ ಸಹಕಾರೀ ಬ್ಯಾಂಕಿನ ಪರವಾನಿಗೆಯನ್ನು ರದ್ದುಗೊಳಿಸಿತು. ಸಾಕಷ್ಟು ಬಂಡವಾಳವಿಲ್ಲ, ಗಳಿಸುವ ಸಂಭವವೂ ಇಲ್ಲ ಎಂಬುದೇ ಕೊಟ್ಟ ಕಾರಣ. ಬ್ಯಾಂಕು ಒದಗಿಸಿದ ಲೆಕ್ಕದಂತೆ ಠೇವುದಾರರಲ್ಲಿ ನೂರಕ್ಕೆ 92.9 ಜನರಿಗೆ ಅವರ ಪೂರ್ಣ ಹಣವು ಠೇವು ವಿಮಾ ನಿಗಮದಿಂದ ದೊರೆಯತಕ್ಕದ್ದೆಂದು ಪ್ರಕಟವಾಯಿತು. ಇದು ಸಮಾಧಾನದ ಮಾತೇ ಸರಿ. ಆದರೆ ಉಳಿದ ಏಳು ಜನರು ಯಾರು? 5 ಲಕ್ಷ ರೂಪಾಯಿಗಿಂತ ಹೆಚ್ಚು ಇಟ್ಟವರು. ಅಂಥವರೆಲ್ಲ ಶ್ರೀಮಂತರೆಂದು ತಿಳಿಯಬಾರದು. ಇಡುಗಂಟನ್ನು ತಂದಿಟ್ಟ ನೌಕರನು, ಹೊಲ ಮಾರಿದ ಹಣವನ್ನು ಇಟ್ಟ ವಿಧವೆ, ದೇವಸ್ಥಾನದ ನಿಧಿಯನ್ನು ಇಟ್ಟ ಪಂಚರು ಇವರೂ ಆ ಪಂಕ್ತಿಯಲ್ಲಿಯೇ ಬರುವರು. ನಮ್ಮ ಮಾಸ್ತರರೂ ಅದೇ ಪಂಕ್ತಿಯವರು.

ಸಂಯುಕ್ತ ರಾಷ್ಟ್ರಸಂಘವು ಆ 2025ನೆಯ ವರ್ಷವನ್ನೇ ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತ್ತು. ಅದೇ ವರ್ಷಕ್ಕೆ ನಮ್ಮ ನಾಡಿನ ಸಹಕಾರೀ ಚಳವಳಿಗೂ 120 ವರ್ಷಗಳು ತುಂಬಿದವು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರೀ ಸಂಘವನ್ನು ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ, ಅಂದರೆ 1904ರಲ್ಲಿ, ಸಹಕಾರೀ ಪತ್ತಿನ ಸಂಘಗಳ ಕಾಯದೆಯು ಜಾರಿಗೆ ಬಂದಿತ್ತು. 1906ರ ಫೆಬ್ರುವರಿಯಲ್ಲಿ ಗೋಕಾಕದ ಅರ್ಬನ್ ಸಂಘವೂ ಬೆಳಗಾವಿಯ ಪಾಯೋನಿಯರ್ ಸಂಘವೂ ನೋಂದಣಿಯಾದವು. 1916ರಲ್ಲಿ ಧಾರವಾಡದಲ್ಲಿಯೇ ಕರ್ನಾಟಕ ಸೆಂಟ್ರಲ್ ಸಹಕಾರೀ ಬ್ಯಾಂಕು ಹುಟ್ಟಿತು. ಸಹಕಾರವೆಂಬುದು ನಮಗೆ ಹೊರಗಿನಿಂದ ಬಂದ ಬೋಧೆಯಲ್ಲ. ನಮ್ಮ ಮಣ್ಣಿನಲ್ಲಿ ಬೇರೂರಿದ ಬೆಳೆ.

ಆ ಹಿರಿಯರು ಆರಿಸಿಕೊಂಡ 'ಪತ್ತು' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಪತ್ತು ಎಂದರೆ ಸಾಲ ಹುಟ್ಟುವ ಯೋಗ್ಯತೆ. ಪೇಟೆಯಲ್ಲಿ ಒಬ್ಬನ ಮಾತಿಗೆ ಇರುವ ಬೆಲೆ. 1904ರ ಕಾಯದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಸಂಘವು ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಹೊಲ ಮನೆಗಳ ವರೆಗೂ ಸಾಲಗಾರರ ಕೈ ಚಾಚಬಹುದಾಗಿತ್ತು. ಹೀಗಾಗಿ ಯಾವನಿಗೆ ಸಾಲ ಕೊಡಬೇಕು, ಅವನು ಎತ್ತು ಕೊಂಡನೋ ಮದುವೆಗೆ ಸುರಿದನೋ ಎಂಬುದನ್ನು ಊರೆಲ್ಲ ಕಣ್ಣಿಟ್ಟು ಕಾಯುತ್ತಿತ್ತು. ಪರಿಚಯವೇ ಅಲ್ಲಿ ಭದ್ರತೆಯಾಗಿತ್ತು. ಏಕೆಂದರೆ ಪರಿಚಯಸ್ಥನ ತಪ್ಪಿಗೆ ತಾನೇ ದಂಡ ತೆರಬೇಕಾಗಿತ್ತು.

ಇಂದಿನ ಪಟ್ಟಣದ ಬ್ಯಾಂಕಿನಲ್ಲಿ ಸದಸ್ಯನ ಹೊಣೆಯು ಅವನ ಶೇರಿನ ಮಟ್ಟಿಗೆ ಮಾತ್ರ. ಸಾವಿರ ರೂಪಾಯಿಯ ಶೇರು ಕೊಂಡವನು ಸಾವಿರ ರೂಪಾಯಿಯನ್ನಷ್ಟೇ ಕಳೆದುಕೊಳ್ಳುವನು. ಇದು ಅವಶ್ಯವಾದ ಸುಧಾರಣೆಯೇ ಹೌದು. ಇದಿಲ್ಲದೆ ಪಟ್ಟಣದ ಬ್ಯಾಂಕು ಬೆಳೆಯುತ್ತಿರಲಿಲ್ಲ. ಆದರೆ ಇದರಿಂದಾದ ಒಂದು ಪರಿಣಾಮವನ್ನು ನಾವು ಮರೆತಿದ್ದೇವೆ. ಪರಿಚಯವು ಹಾಗೆಯೇ ಉಳಿಯಿತು. ಅದರ ಹಿಂದಿದ್ದ ಕಾವಲು ಹೋಯಿತು. 'ಚೇರಮನ್ನರು ನಮ್ಮವರು, ಬ್ಯಾಂಕು ನಮ್ಮ ಸಮಾಜದ್ದು' ಎಂದು ಹೇಳಿ ಹಣವಿಡುವವನು 1905ರ ವಿಶ್ವಾಸವನ್ನು ಇಟ್ಟುಕೊಂಡಿರುವನು, 1905ರ ಎಚ್ಚರವನ್ನು ಬಿಟ್ಟಿರುವನು. ಸಮಾಜದ ಹೆಸರು ಅಢಾವೆ ಪತ್ರಿಕೆಯ ಯಾವ ಕಲಮಿನಲ್ಲಿಯೂ ಬರುವದಿಲ್ಲ ಎಂಬುದನ್ನು ಅವನು ನೆನಪಿಡಬೇಕು.

ಹಾಗಾದರೆ ಈ ಚಿಕ್ಕ ಬ್ಯಾಂಕುಗಳ ಸಹವಾಸವೇ ಬೇಡವೆಂದು ಕೆಲವರು ಹೇಳುವರು. ನಮಗೆ ಅದು ಒಪ್ಪಿಗೆಯಿಲ್ಲ. ಕನ್ನಡ ನಾಡು ಹೆತ್ತ ಬ್ಯಾಂಕುಗಳ ಕಥೆಯನ್ನು ನೋಡಿರಿ. ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕವು 1966ರಲ್ಲಿ ಮಂಗಳೂರಿನ ಕರ್ನಾಟಕ ಬ್ಯಾಂಕಿನಲ್ಲಿ ವಿಲೀನವಾಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದವು. ಧಾರವಾಡವನ್ನು ಕೇಂದ್ರವಾಗಿ ಮಾಡಿಕೊಂಡಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಸಹ 2025ರ ಮೇ 1ರಿಂದ ಬಳ್ಳಾರಿಯು ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ನಿರ್ಣಯ ಮಾಡುವ ಕುರ್ಚಿಗಳು ಒಂದೊಂದಾಗಿ ನಮ್ಮ ಊರುಗಳಿಂದ ದೂರ ಸರಿದಿವೆ. ಜವಳಿಸಾಲಿನ ಚಿಕ್ಕ ಅಂಗಡಿಕಾರನ ಮುಖವನ್ನು ನೋಡಿ, ಅವನ ದಿನದ ವ್ಯಾಪಾರವನ್ನು ತಿಳಿದು, ಕನ್ನಡದಲ್ಲಿ ಮಾತಾಡಿ ಸಾಲ ಕೊಡುವ ಸಂಸ್ಥೆಯು ಊರಲ್ಲಿ ಉಳಿಯಬೇಕಾದರೆ ಈ ಸಹಕಾರೀ ಬ್ಯಾಂಕುಗಳು ಬಾಳಬೇಕು. ಬಾಳಬೇಕೆಂದೇ ಅವುಗಳನ್ನು ಪರೀಕ್ಷಿಸಬೇಕು.

ಪರೀಕ್ಷೆಯ ಮೊದಲನೆಯ ಹೆಜ್ಜೆ ಬಾಗಿಲಿನ ಮೇಲಿನ ಫಲಕದಲ್ಲಿಯೇ ಇದೆ. ನಮ್ಮ ಪೇಟೆಗಳಲ್ಲಿ ಠೇವು ಸ್ವೀಕರಿಸುವ ಮೂರು ಬಗೆಯ ಸಹಕಾರೀ ಮನೆಗಳಿವೆ. ರಿಜರ್ವ್ ಬ್ಯಾಂಕಿನ ಪರವಾನಿಗೆ ಪಡೆದ ಸಹಕಾರೀ ಬ್ಯಾಂಕು ಒಂದು. ರಾಜ್ಯದ 1959ರ ಸಹಕಾರ ಸಂಘಗಳ ಕಾಯದೆಯ ಕೆಳಗಿನ ಪತ್ತಿನ ಸಂಘ ಎರಡನೆಯದು. 1997ರ ಸೌಹಾರ್ದ ಕಾಯದೆಯ ಕೆಳಗಿನ ಪತ್ತಿನ ಸಹಕಾರಿ ಮೂರನೆಯದು. ಹೊರಗಿನಿಂದ ನೋಡುವವನಿಗೆ ಮೂರರಲ್ಲಿಯೂ ಅದೇ ಗಾಜಿನ ಬಾಗಿಲು, ಅದೇ ಪಾಸ್‌ಬುಕ್ಕು. ಆದರೆ ಠೇವಿನ ವಿಮೆಯಿರುವದು ಮೊದಲನೆಯದಕ್ಕೆ ಮಾತ್ರ, ಉಳಿದೆರಡಕ್ಕೆ ಇಲ್ಲ. ರಿಜರ್ವ್ ಬ್ಯಾಂಕಿನ ಮೇಲ್ವಿಚಾರಣೆಯೂ ಅವಕ್ಕಿಲ್ಲ. 2020ರ ತಿದ್ದುಪಡಿಯ ತರುವಾಯ ಸಹಕಾರೀ ಬ್ಯಾಂಕಲ್ಲದ ಸಂಘವು ತನ್ನ ಹೆಸರಿನಲ್ಲಿ 'ಬ್ಯಾಂಕು' ಎಂಬ ಮಾತನ್ನು ಹಚ್ಚಿಕೊಳ್ಳತಕ್ಕದ್ದಲ್ಲ. 2021ರ ನವಂಬರದಲ್ಲಿ ರಿಜರ್ವ್ ಬ್ಯಾಂಕು ಈ ಬಗ್ಗೆ ಜನತೆಯನ್ನು ಬಹಿರಂಗವಾಗಿ ಎಚ್ಚರಿಸಿತು. ಎಲ್ಲ ಪತ್ತಿನ ಸಂಘಗಳೂ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ನಡೆದವು ಅನೇಕವಿವೆ. ಆದರೆ ಎರಡು ರೂಪಾಯಿ ಹೆಚ್ಚಿನ ಬಡ್ಡಿಯ ಆಸೆಗೆ ಅಲ್ಲಿ ಇಡುಗಂಟನ್ನು ಇಡುವವನು, ವಿಮೆಯಿಲ್ಲದ ಮನೆಯಲ್ಲಿ ಇಡುತ್ತಿದ್ದೇನೆಂದು ತಿಳಿದೇ ಇಡಬೇಕು.

ವಿಮೆಯ ಇತಿಹಾಸವನ್ನೂ ತಿಳಿಯುವದು ಹಿತಕರ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದು ದೇಶದಲ್ಲಿ ಹಾಹಾಕಾರವೆದ್ದಿತು. ಅದರ ಪರಿಣಾಮವಾಗಿ 1962ರ ಜನವರಿ 1ರಿಂದ ಠೇವು ವಿಮೆಯು ಆರಂಭವಾಯಿತು. ಆಗಿನ ಮಿತಿ 1,500 ರೂಪಾಯಿ. ಸಹಕಾರೀ ಬ್ಯಾಂಕುಗಳಿಗೆ ಇದು ಅನ್ವಯಿಸತೊಡಗಿದ್ದು 1971ರಿಂದ. ಮಿತಿಯು 1993ರಲ್ಲಿ 1 ಲಕ್ಷಕ್ಕೂ 2020ರ ಫೆಬ್ರುವರಿಯಲ್ಲಿ 5 ಲಕ್ಷಕ್ಕೂ ಏರಿತು. ಈ 5 ಲಕ್ಷದಲ್ಲಿ ಅಸಲು ಬಡ್ಡಿ ಎರಡೂ ಸೇರಿವೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಒಬ್ಬನ ಹೆಸರಲ್ಲಿಟ್ಟರೂ ಒಟ್ಟು ಲೆಕ್ಕ ಒಂದೇ. ಶೇರಿಗೆ ವಿಮೆಯಿಲ್ಲ. 2021ರ ತಿದ್ದುಪಡಿಯಂತೆ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ 90 ದಿನಗಳೊಳಗೆ ಈ ಮೊತ್ತವು ಠೇವುದಾರನ ಕೈಸೇರತಕ್ಕದ್ದು. ಇದಕ್ಕೂ ಮೊದಲು ಜನರು ವರ್ಷಗಟ್ಟಲೆ ಬಾಗಿಲು ಕಾಯುತ್ತಿದ್ದರು.

ಎರಡನೆಯ ಹೆಜ್ಜೆ ವಾರ್ಷಿಕ ವರದಿಯನ್ನು ಓದುವದು. ಓದುವದೆಂದರೆ ಅಧ್ಯಕ್ಷರ ಭಾಷಣವನ್ನೂ ಸತ್ಕಾರದ ಭಾವಚಿತ್ರಗಳನ್ನೂ ನೋಡುವದಲ್ಲ. ಕೊನೆಯ ಪುಟಗಳಲ್ಲಿಯ ಅಢಾವೆ ಪತ್ರಿಕೆಯನ್ನೂ ಲಾಭ-ಹಾನಿ ಪತ್ರಿಕೆಯನ್ನೂ ಅವುಗಳ ಕೆಳಗಿನ ಟಿಪ್ಪಣಿಗಳನ್ನೂ ಓದುವದು. ಇದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಅಡತಿ ಅಂಗಡಿಯಲ್ಲಿ ಕೀರ್ದಿ ಖತಾವಣಿ ಬರೆದವನಿಗೆ ಸಾಕಾಗುವಷ್ಟು ತಿಳಿವಳಿಕೆ ಸಾಕು.

ಮೊದಲು ಸ್ವಂತ ನಿಧಿಯನ್ನು ನೋಡಬೇಕು. ಬ್ಯಾಂಕು ಜನರ ಹಣವನ್ನು ಸಾಲ ಕೊಡುತ್ತದೆ. ಸಾಲ ಮುಳುಗಿದಾಗ ಮೊದಲ ಪೆಟ್ಟನ್ನು ತಿನ್ನತಕ್ಕದ್ದು ಬ್ಯಾಂಕಿನ ಸ್ವಂತ ಹಣ. ಸಾಲದ ಅಪಾಯವನ್ನು ತೂಗಿ, ಅದಕ್ಕೆ ಪ್ರತಿಯಾಗಿ ಇಂತಿಷ್ಟು ಸ್ವಂತ ಬಂಡವಾಳವಿರಬೇಕೆಂದು ರಿಜರ್ವ್ ಬ್ಯಾಂಕು ವಿಧಿಸಿದೆ. 2022ರ ಡಿಸೆಂಬರದ ನಿಯಮದಂತೆ ಪಟ್ಟಣದ ಸಹಕಾರೀ ಬ್ಯಾಂಕುಗಳನ್ನು ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿ, ಸಾಮಾನ್ಯವಾಗಿ 100 ಕೋಟಿಯ ವರೆಗೆ ಠೇವುಳ್ಳ ಚಿಕ್ಕ ಬ್ಯಾಂಕುಗಳಿಗೆ ನೂರಕ್ಕೆ 9, ಅದಕ್ಕಿಂತ ದೊಡ್ಡವುಗಳಿಗೆ 2026ರ ಮಾರ್ಚ ಕೊನೆಗೆ ಮುಟ್ಟುವಂತೆ ನೂರಕ್ಕೆ 12 ಎಂದು ಗೊತ್ತುಪಡಿಸಲಾಯಿತು. ಇದು ಕನಿಷ್ಠ, ಕನಿಷ್ಠದ ಅಂಚಿನಲ್ಲಿ ನಿಂತವನು ಗಟ್ಟಿಗನಲ್ಲ. ಈ ಸ್ವಂತ ನಿಧಿ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಸಾಲ ಪಡೆಯುವವನಿಂದ ಶೇರು ಕೊಳ್ಳಿಸುವ ಪದ್ಧತಿ ನಮ್ಮ ಬ್ಯಾಂಕುಗಳಲ್ಲಿದೆ. ಹಾಗೆ ಬೆಳೆದ ಶೇರು ಬಂಡವಾಳವು ಬ್ಯಾಂಕಿನ ಸಾಲದಿಂದಲೇ ಹುಟ್ಟಿದ್ದು. ವರ್ಷ ವರ್ಷವೂ ಲಾಭದಿಂದ ಕಾಯ್ದಿಟ್ಟ ನಿಧಿಯು ಹಾಗಲ್ಲ; ಅದನ್ನು ಮರಳಿ ಕೇಳುವವರಿಲ್ಲ. ನಿವ್ವಳ ಲಾಭದ ನಾಲ್ಕನೆಯ ಒಂದು ಭಾಗವನ್ನಾದರೂ ಆ ನಿಧಿಗೆ ಒಯ್ಯಬೇಕೆಂದು ರಾಜ್ಯದ ಕಾಯದೆಯೇ ಹೇಳುತ್ತದೆ. ಕಾಯ್ದಿಟ್ಟ ನಿಧಿ ಕೃಶವಾಗಿದ್ದೂ ಲಾಭಾಂಶವನ್ನು ಧಾರಾಳವಾಗಿ ಹಂಚುವ ಬ್ಯಾಂಕು ಬೀಜದ ಕಾಳನ್ನು ಅಡಿಗೆಗೆ ಹಾಕಿದಂತೆ.

ಆಮೇಲೆ ಕಟಬಾಕಿ. ಬಡ್ಡಿಯೋ ಕಂತೋ 90 ದಿನ ಮೀರಿದ ಸಾಲವನ್ನು ಅನುತ್ಪಾದಕವೆಂದು ಎಣಿಸಬೇಕು. ವರದಿಯಲ್ಲಿ ಇದಕ್ಕೆ ಎರಡು ಅಂಕೆಗಳಿರುತ್ತವೆ: ಒಟ್ಟು ಮತ್ತು ನಿವ್ವಳ. ಉದಾಹರಣೆಗೆ, 100 ಕೋಟಿ ಸಾಲ ಕೊಟ್ಟ ಬ್ಯಾಂಕೊಂದರಲ್ಲಿ 10 ಕೋಟಿ ಕೆಟ್ಟಿದೆ ಎನ್ನೋಣ. ಅದಕ್ಕಾಗಿ ಈ ಮೊದಲೇ 6 ಕೋಟಿಯನ್ನು ತೆಗೆದಿರಿಸಿದ್ದರೆ ಮುಚ್ಚದೆ ಉಳಿದ ತೂತು 4 ಕೋಟಿ. ಬ್ಯಾಂಕಿನ ಸ್ವಂತ ನಿಧಿ 12 ಕೋಟಿಯಾಗಿದ್ದರೆ ಅದು ಈ ಪೆಟ್ಟನ್ನು ತಾಳಬಲ್ಲದು. 5 ಕೋಟಿಯಾಗಿದ್ದರೆ ಠೇವುದಾರನು ಎದ್ದು ಕೂಡ್ರಬೇಕು. ರಿಜರ್ವ್ ಬ್ಯಾಂಕಿನ ಅಳತೆಯಲ್ಲಿ ಸುಸ್ಥಿತಿಯ ಬ್ಯಾಂಕೆನಿಸಿಕೊಳ್ಳಲು ನಿವ್ವಳ ಕಟಬಾಕಿಯು ನೂರಕ್ಕೆ 3ನ್ನು ಮೀರಿರಬಾರದು. ಕನಿಷ್ಠಕ್ಕಿಂತ ಕಡಮೆಯೆಂದರೆ ಒಂದು ಅಂಶ ಹೆಚ್ಚು ಬಂಡವಾಳವಿರಬೇಕು. 2022ರ ಡಿಸೆಂಬರದ ಅಳತೆಯಂತೆ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರರಲ್ಲಾದರೂ ಲಾಭವಿರಬೇಕಾಗಿತ್ತು, ಕಳೆದ ವರ್ಷ ಹಾನಿಯಿರಬಾರದಾಗಿತ್ತು. ನಿವ್ವಳ ಕಟಬಾಕಿಯು ನೂರಕ್ಕೆ 6ನ್ನು ಮುಟ್ಟಿತೆಂದರೆ ಅದು ಅಪಾಯದ ಗೆರೆ. ನಮ್ಮ ಮಾಸ್ತರರು ತಮ್ಮ ಬ್ಯಾಂಕಿನ ಮೂರು ವರ್ಷಗಳ ವರದಿಗಳನ್ನು ಬದಿಬದಿಗೆ ಇಟ್ಟುಕೊಂಡು ಈ ಅಂಕೆಗಳನ್ನು ಒಂದು ಕಾಗದದ ಮೇಲೆ ಇಳಿಸಿಕೊಳ್ಳಲಿ. ಒಂದು ವರ್ಷದ ಅಂಕೆಗಿಂತ ಅದು ಸಾಗಿರುವ ದಿಕ್ಕು ಹೆಚ್ಚು ಹೇಳುವದು.

ಇಷ್ಟಾದರೂ ಪರೀಕ್ಷೆ ಮುಗಿಯಿತೆಂದು ನಾವು ಹೇಳಲಾರೆವು. ಅಂಕೆಗಳನ್ನು ಬರೆಯುವವರೂ ಮನುಷ್ಯರೇ. ಮುಂಬಯಿಯ ಪಂಜಾಬ್ ಮಹಾರಾಷ್ಟ್ರ ಸಹಕಾರೀ ಬ್ಯಾಂಕು 2019ರ ಮಾರ್ಚ ಅಖೈರಿಗೆ ತೋರಿಸಿದ್ದ ನಿವ್ವಳ ಕಟಬಾಕಿ ನೂರಕ್ಕೆ ಸುಮಾರು 2; ಬಂಡವಾಳದ ಪ್ರಮಾಣ 12ಕ್ಕೂ ಮಿಕ್ಕು. ಮೇಲೆ ಹೇಳಿದ ಎಲ್ಲ ಒರೆಗಳಲ್ಲಿಯೂ ಅದು ಅಪ್ಪಟ ಬಂಗಾರವೆಂದೇ ತೋರುತ್ತಿತ್ತು. ಆರು ತಿಂಗಳಲ್ಲಿ, ಅಂದರೆ ಆ ವರ್ಷದ ಸಪ್ಟಂಬರದಲ್ಲಿ, ನಿಜವು ಹೊರಬಿದ್ದಿತು. ಸಾಲದ ಮುಕ್ಕಾಲು ಭಾಗದಷ್ಟು ಒಂದೇ ಗೃಹನಿರ್ಮಾಣ ಗುಂಪಿನ ಕಂಪನಿಗಳಿಗೆ ಹೋಗಿತ್ತು. ಅದನ್ನು ಮರೆಮಾಡಲು ಇಪ್ಪತ್ತೊಂದು ಸಾವಿರ ಸುಳ್ಳು ಖಾತೆಗಳನ್ನು ಸೃಷ್ಟಿಸಲಾಗಿತ್ತು. ಆರಂಭಕ್ಕೆ ಠೇವುದಾರರಿಗೆ ತೆಗೆಯಲು ಬಿಟ್ಟದ್ದು ಸಾವಿರ ರೂಪಾಯಿ ಮಾತ್ರ. ಮರು ವರ್ಷ, 2020ರ ಜನವರಿಯಲ್ಲಿ, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದು, ಠೇವುದಾರನು 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂದಾಯಿತು. ಅಲ್ಲಿ ಬಾಗಿಲಲ್ಲಿ ನಿಂತವರಲ್ಲಿ ನಮ್ಮ ಮಾಸ್ತರರಂಥ ನಿವೃತ್ತರೇ ಅನೇಕರು.

ಆದುದರಿಂದ ಅಂಕೆಗಳ ಜತೆಗೆ ಅಂಕೆಗಳ ಹೊರಗಿನ ಲಕ್ಷಣಗಳನ್ನೂ ನೋಡಬೇಕು. ಸಾಲಗಳು ನೂರಾರು ಕೈಗಳಲ್ಲಿ ಹರಡಿವೆಯೋ, ನಾಲ್ಕು ಮನೆತನಗಳಲ್ಲಿ ತುಂಬಿವೆಯೋ? ಒಬ್ಬನೇ ಸಾಲಗಾರನಿಗೆ ಇಂತಿಷ್ಟು ಮೀರಿ ಕೊಡಬಾರದೆಂಬ ಮಿತಿಯಿದೆ. ಆದರೆ ಒಬ್ಬನೇ ಯಜಮಾನನು ಹತ್ತು ಹೆಸರುಗಳಲ್ಲಿ ಬರುವದುಂಟು. ಅದನ್ನು ಮುಂಬಯಿಯ ಲೆಕ್ಕ ಪರಿಶೋಧಕನಿಗಿಂತ ಮೊದಲು ಬಲ್ಲವರು ಊರವರೇ. ಸಂಚಾಲಕರಿಗೂ ಅವರ ಸಂಬಂಧಿಕರಿಗೂ ಸಾಲ ಕೊಡುವದನ್ನು, ಅವರ ಸ್ವಂತ ಠೇವಿನ ಆಧಾರದ ಮೇಲೆ ಕೊಡುವಂಥ ಕೆಲವನ್ನು ಬಿಟ್ಟು, 2003ರಿಂದ ನಿಷೇಧಿಸಲಾಗಿದೆ. ಆದರೂ ಅಳಿಯನ ಪಾಲುದಾರನಿಗೆ ಕೊಟ್ಟ ಸಾಲವನ್ನು ಯಾವ ಕಾಗದವೂ ಹೇಳುವದಿಲ್ಲ. ಮಾರ್ಚ ತಿಂಗಳ ಕೊನೆಯ ವಾರದಲ್ಲಿ ಹೊಸ ಸಾಲ ಕೊಟ್ಟು ಹಳೆಯ ಸಾಲವನ್ನು ತೀರಿಸಿದಂತೆ ಬರೆದುಕೊಳ್ಳುವ ರೂಢಿಯಿದೆಯೇ? ಊರಿನ ಉಳಿದ ಬ್ಯಾಂಕುಗಳೆಲ್ಲ ಕೊಡುವದಕ್ಕಿಂತ ಬಹಳ ಹೆಚ್ಚಿನ ಬಡ್ಡಿಯನ್ನು ಕೊಟ್ಟು ಠೇವು ಕೂಡಿಸುವ ಅವಸರವೇಕೆ? ರಿಜರ್ವ್ ಬ್ಯಾಂಕು ದಂಡ ವಿಧಿಸಿದ್ದರೆ ಅದು ಆ ಬ್ಯಾಂಕಿನ ಪ್ರಕಟನೆಗಳಲ್ಲಿ ಎಲ್ಲರಿಗೂ ಓದಲು ಸಿಗುವದು. ಯಾವ ತಪ್ಪಿಗಾಗಿ ದಂಡ ಬಿತ್ತೆಂಬುದನ್ನು ಓದಬೇಕು. ಲೆಕ್ಕ ಪರಿಶೋಧನೆಯ 'ಅ' ವರ್ಗವನ್ನು ಗೋಡೆಗೆ ತೂಗಹಾಕಿದ್ದನ್ನಷ್ಟೇ ನೋಡಿ ತೃಪ್ತರಾಗಬಾರದು. ಪರಿಶೋಧಕನು ಬರೆದ ಆಕ್ಷೇಪಣೆಗಳೇನು, ಅವುಗಳಿಗೆ ಆಡಳಿತ ಮಂಡಳಿಯು ಏನು ಸಮಾಧಾನ ಹೇಳಿದೆ ಎಂಬುದನ್ನು ಕೇಳಬೇಕು.

ದೊಡ್ಡ ಬ್ಯಾಂಕಿನ ಗಿರಾಕಿಗೆ ಇಷ್ಟು ಕಷ್ಟವಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಹೌದು, ಇಲ್ಲ, ಅದಕ್ಕೆ ಕಾರಣವೂ ಇದೆ. 2020ರ ಮಾರ್ಚ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಸ್ಟೇಟ್ ಬ್ಯಾಂಕು ಮೊದಲಾದವು ಬಂಡವಾಳ ಹೂಡಿ, ಅದೇ ತಿಂಗಳ 18ಕ್ಕೆ ನಿರ್ಬಂಧವು ತೆರವಾಯಿತು. ಪಂಜಾಬ್ ಮಹಾರಾಷ್ಟ್ರ ಬ್ಯಾಂಕಿನವರು 2022ರ ಜನವರಿಯ ವರೆಗೆ ಕಾದರು. ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದ ಮೇಲೂ ದೊಡ್ಡ ಠೇವಿನವರಿಗೆ ಹತ್ತು ವರ್ಷಗಳ ವರೆಗಿನ ಕಂತುಗಳು ಗೊತ್ತಾದವು. ದೊಡ್ಡದು ಬಿದ್ದರೆ ನೆಲ ಅದುರುವದೆಂದು ಸರಕಾರವು ಓಡಿಬರುವದು. ಚಿಕ್ಕದು ಬಿದ್ದರೆ ವಿಮಾ ನಿಗಮವು ಬರುವದು, 5 ಲಕ್ಷದ ಗೆರೆಯ ವರೆಗೆ. ಈ ತಾರತಮ್ಯವು ನ್ಯಾಯವೆಂದು ನಾವು ಹೇಳುವದಿಲ್ಲ. ಅದು ಇದೆ, ಇರುವ ತನಕ ಚಿಕ್ಕ ಬ್ಯಾಂಕಿನ ಠೇವುದಾರನು ಹೆಚ್ಚು ಎಚ್ಚರವಾಗಿರಲೇಬೇಕು.

ಎಚ್ಚರಕ್ಕೆ ಕಾಯದೆಯು ಒಂದು ಸ್ಥಳವನ್ನೂ ಒಂದು ದಿನವನ್ನೂ ಕೊಟ್ಟಿದೆ. ಅದೇ ವಾರ್ಷಿಕ ಸರ್ವಸಾಧಾರಣ ಸಭೆ. ಅಲ್ಲಿ ಏನಾಗುತ್ತದೆಂಬುದನ್ನು ನಾವು ಅನೇಕ ವರ್ಷಗಳಿಂದ ನೋಡಿದ್ದೇವೆ. ವರದಿಯನ್ನು ಬಾಗಿಲಲ್ಲಿಯೇ ಕೈಗೆ ಕೊಡುವರು. ಅದನ್ನು ಬಿಚ್ಚುವದರೊಳಗಾಗಿ ಸ್ವಾಗತ ಗೀತೆ ಮುಗಿದಿರುತ್ತದೆ. ಸನ್ಮಾನಗಳಿಗೆ ಒಂದು ತಾಸು, ಭಾಷಣಗಳಿಗೆ ಇನ್ನೊಂದು ತಾಸು. ಲೆಕ್ಕಪತ್ರದ ವಿಷಯ ಬಂದಾಗ ಫಳಾರದ ಪೊಟ್ಟಣಗಳ ಸಪ್ಪಳ ಕೇಳಿಬರತೊಡಗುವದು. ಮುಂದಿನ ಸಾಲಿನಿಂದ 'ಮಂಜೂರು, ಮಂಜೂರು' ಎಂಬ ಕೂಗು. ಎದ್ದು ಪ್ರಶ್ನೆ ಕೇಳಿದವನನ್ನು ಸಮಾಜದ್ರೋಹಿಯೆಂಬಂತೆ ನೋಡುವರು. ಕೋಟಿಗಟ್ಟಲೆ ಪರರ ಹಣದ ಲೆಕ್ಕವು ಹೀಗೆ ಚಪ್ಪಾಳೆಯಲ್ಲಿ ಮುಗಿಯುವದು. ಬ್ಯಾಂಕು ಮುರಿದ ಮೇಲೆ ಸಂಚಾಲಕರನ್ನು ಶಪಿಸುವ ಸದಸ್ಯನು ಆ ದಿನ ತಾನು ಎಲ್ಲಿದ್ದೆನೆಂಬುದನ್ನು ನೆನಪಿಸಿಕೊಳ್ಳಲಿ.

ಸಂಚಾಲಕ ಮಹಾಶಯರಿಗೆ ನಮ್ಮದೊಂದು ವಿನಂತಿ. ವರದಿಯನ್ನು ಸಭೆಗೆ ಹದಿನೈದು ದಿನ ಮೊದಲೇ ಕನ್ನಡದಲ್ಲಿ ಸದಸ್ಯರ ಮನೆಗೆ ಮುಟ್ಟಿಸಿರಿ. ಇಪ್ಪತ್ತು ದೊಡ್ಡ ಸಾಲಗಳು ಒಟ್ಟು ಸಾಲದಲ್ಲಿ ಎಷ್ಟು ಪಾಲೆಂಬುದನ್ನು, ಹೆಸರುಗಳನ್ನು ಹೇಳದೆಯಾದರೂ, ತಿಳಿಸಿರಿ. ಸಂಚಾಲಕರು ಸತತವಾಗಿ ಕುಳಿತಿರಬಹುದಾದ ಅವಧಿಯನ್ನು 2025ರ ಆಗಸ್ಟ 1ರಿಂದ ಎಂಟು ವರ್ಷಗಳಿಂದ ಹತ್ತಕ್ಕೆ ಹೆಚ್ಚಿಸಲಾಯಿತು. ಅದನ್ನು ಹಕ್ಕೆಂದು ತಿಳಿಯದೆ, ಲೆಕ್ಕ ಬಲ್ಲ ತರುಣರಿಗೆ ಸ್ಥಳ ಬಿಟ್ಟುಕೊಡುವದು ಶೋಭೆ. ಪ್ರಾಮಾಣಿಕನಾದ ಚೇರಮನ್ನನಿಗೆ ಪ್ರಶ್ನೆಯಿಂದ ಹಾನಿಯಿಲ್ಲ. ಅವನ ಪತ್ತು ಅದರಿಂದ ಬೆಳೆಯುವದು.

ಅಧಿಕಾರಿಗಳಿಗೂ ಒಂದು ಮಾತು. ಸಹಕಾರೀ ಬ್ಯಾಂಕಿಗೆ ಇಬ್ಬರು ಯಜಮಾನರು: ಒಬ್ಬರು ರಾಜ್ಯದ ಸಹಕಾರ ಸಂಘಗಳ ನಿಬಂಧಕರು, ಇನ್ನೊಬ್ಬರು ರಿಜರ್ವ್ ಬ್ಯಾಂಕಿನವರು. ಏನಾದರೂ ಕೆಟ್ಟಾಗ ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುವದನ್ನು ಜನರು ಕಂಡಿದ್ದಾರೆ. 2020ರ ತಿದ್ದುಪಡಿಯಿಂದ ಆಡಳಿತ ಮಂಡಳಿಯನ್ನು ಬದಿಗೆ ಸರಿಸುವ, ಲೆಕ್ಕ ಪರಿಶೋಧಕನ ನೇಮಕಕ್ಕೆ ಒಪ್ಪಿಗೆ ಕೊಡುವ ಅಧಿಕಾರಗಳು ರಿಜರ್ವ್ ಬ್ಯಾಂಕಿಗೆ ಬಂದುದರಿಂದ ಬ್ಯಾಂಕುಗಳ ಮಟ್ಟಿಗೆ ಗೊಂದಲ ಕಡಮೆಯಾಗಿದೆ. ಆದರೆ ಪತ್ತಿನ ಸಂಘಗಳ ಮತ್ತು ಸೌಹಾರ್ದ ಸಹಕಾರಿಗಳ ಠೇವುದಾರನಿಗೆ ರಾಜ್ಯದ ಸಹಕಾರ ಇಲಾಖೆಯೊಂದೇ ಗತಿ. ಪ್ರತಿ ತಾಲೂಕಿನಲ್ಲಿ ಠೇವು ಸ್ವೀಕರಿಸುವ ಸಂಘಗಳ ಯಾದಿಯನ್ನು, ಯಾವುದರ ಲೆಕ್ಕ ಪರಿಶೋಧನೆ ಯಾವ ವರ್ಷದ ವರೆಗೆ ಆಗಿದೆ ಎಂಬುದರೊಡನೆ, ತಾಲೂಕು ಕಚೇರಿಯ ಫಲಕದ ಮೇಲೆ ಹಚ್ಚಲು ಎಷ್ಟು ಖರ್ಚು ಬೀಳುವದು? 'ನಮ್ಮಲ್ಲಿಯ ಠೇವುಗಳಿಗೆ ವಿಮೆಯಿಲ್ಲ' ಎಂಬ ಸಾಲನ್ನು ಪ್ರತಿಯೊಂದು ಸಂಘದ ಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸುವದನ್ನು ಕಡ್ಡಾಯ ಮಾಡಬೇಕೆಂದು ನಮ್ಮ ಸ್ಪಷ್ಟವಾದ ಆಗ್ರಹ.

ಈಗ ಮಾಸ್ತರರಿಗೆ ನಮ್ಮ ಉತ್ತರ. ತಾವು ಇಟ್ಟಿರುವದು ಪರವಾನಿಗೆಯುಳ್ಳ ಸಹಕಾರೀ ಬ್ಯಾಂಕಿನಲ್ಲಿಯೋ ಪತ್ತಿನ ಸಂಘದಲ್ಲಿಯೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿರಿ. ವಿಮಾ ನಿಗಮದ ಯಾದಿಯಲ್ಲಿ ಅದರ ಹೆಸರಿದೆಯೇ ಎಂದು ಮೊಮ್ಮಗನಿಂದ ನೋಡಿಸಿರಿ. ಬಡ್ಡಿ ಸೇರಿ 5 ಲಕ್ಷವನ್ನು ಮೀರಿದ ಭಾಗವನ್ನು ಮುದ್ದತ್ತು ತೀರಿದಂತೆ ಬೇರೊಂದು ಬ್ಯಾಂಕಿಗೆ ಸಾಗಿಸಿರಿ. ಗಾಬರಿಯಿಂದ ಮುದ್ದತ್ತಿಗೆ ಮೊದಲೇ ಮುರಿಸಬೇಡಿರಿ, ಓಣಿಯಲ್ಲಿ ಗುಲ್ಲನ್ನೂ ಎಬ್ಬಿಸಬೇಡಿರಿ. ಮೂರು ವರ್ಷಗಳ ವರದಿಗಳನ್ನು ಕೇಳಿ ಪಡೆದು, ನಾವು ಹೇಳಿದ ಅಂಕೆಗಳನ್ನು ಬರೆದುಕೊಂಡು, ಬರುವ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳಿರಿ. ಶಿಷ್ಯನಿಗೆ ಬೇಸರವಾದೀತೆಂಬ ಸಂಕೋಚ ಬೇಡ. ತಪ್ಪು ಲೆಕ್ಕವನ್ನು ತಿದ್ದುವದು ತಮ್ಮ ಜೀವಮಾನದ ಕಸುಬಾಗಿತ್ತು. ಅವನು ಸರಿಯಾದ ಲೆಕ್ಕವನ್ನು ತಂದಿದ್ದರೆ ಗುರುಗಳಿಗೆ ತೋರಿಸಲು ಹಿಂಜರಿಯಲಾರನು.

ನಮ್ಮ ಪಾಲಿನ ಕರ್ತವ್ಯವನ್ನೂ ಇಲ್ಲಿಯೇ ಹೇಳಿಬಿಡುವೆವು. ಇನ್ನು ಮುಂದೆ ಈ ಪತ್ರಿಕೆಯಲ್ಲಿ ಠೇವುಗಳನ್ನು ಆಹ್ವಾನಿಸುವ ಯಾವ ಜಾಹೀರಾತು ಬಂದರೂ, ಆ ಠೇವುಗಳಿಗೆ ವಿಮೆಯಿದೆಯೋ ಇಲ್ಲವೋ ಎಂಬುದನ್ನು ಅದರಲ್ಲಿಯೇ ಅಚ್ಚು ಮಾಡಲಾಗುವದು. ಇದಕ್ಕೆ ಒಪ್ಪದವರ ಜಾಹೀರಾತನ್ನು ನಾವು ಸ್ವೀಕರಿಸುವದಿಲ್ಲ. ಇದರಿಂದ ನಮ್ಮ ಆದಾಯಕ್ಕೆ ಸ್ವಲ್ಪ ಕೊರತೆ ಬೀಳಬಹುದು; ಅದನ್ನು ನಾವು ತಾಳಿಕೊಳ್ಳುವೆವು.